ಡೊಮೇನ್ ಕೊಳ್ಳುವಾಗ ದುಡ್ಡು ಯಾವಾಗ, ಹೇಗೆ ಕೊಡಬೇಕು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ನಿಮಗೆ ಬೇಕಾದ ಡೊಮೇನ್ ಹೆಸರು ಬೇರೆಯವರ ಹತ್ತಿರ ಇದೆ. ಅವರು ಮಾರಲು ಒಪ್ಪಿದ್ದಾರೆ, ಬೆಲೆಯೂ ಕುದುರಿದೆ. ಜನ ಎಡವುವುದು ಇಲ್ಲಿಂದ ಮುಂದೆ. ಮತ್ತೆ ಮತ್ತೆ ನಡೆಯುವ ತಪ್ಪುಗಳು ಎರಡು. ಹೆಸರನ್ನು ಸರಿಯಾಗಿ ಪರಿಶೀಲಿಸುವ ಮೊದಲೇ ದುಡ್ಡು ಕಳಿಸುವುದು ಒಂದು. ಹೆಸರು ತಮ್ಮ ಖಾತೆಗೆ ಬರುವ ಮೊದಲೇ "ಸಿಕ್ಕಿತು" ಅಂತ ಒಪ್ಪಿಗೆ ಒತ್ತಿಬಿಡುವುದು ಇನ್ನೊಂದು.

ಕೊಳ್ಳುವವರಿಗೆ ದುಡ್ಡು ಮೊದಲು ಕೊಡಲು ಭಯ, ಮಾರುವವರಿಗೆ ಹೆಸರು ಮೊದಲು ಬಿಟ್ಟುಕೊಡಲು ಭಯ. ಎರಡೂ ನ್ಯಾಯವಾದ ಭಯಗಳೇ. ಅದಕ್ಕೇ ನಡುವೆ ಮೂರನೆಯವರು ಬೇಕು, ಕೆಲಸಗಳಿಗೆ ಒಂದು ಕ್ರಮ ಬೇಕು. ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ. ಪ್ರತಿ ಹಂತವೂ ಹಿಂದಿನದರ ಮೇಲೆ ನಿಂತಿದೆ.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದವು

ಒಂದು ರಿಜಿಸ್ಟ್ರಾರ್‌ನಲ್ಲಿ (ಡೊಮೇನ್ ನೋಂದಣಿ ಮಾಡಿಕೊಡುವ ಕಂಪನಿಯಲ್ಲಿ) ನಿಮ್ಮ ಸ್ವಂತ ಖಾತೆ ಮೊದಲೇ ತೆರೆದಿರಲಿ. ಹೆಸರು ಬಂದು ಸೇರುವುದು ಅಲ್ಲಿಗೇ. ವೆಬ್‌ಸೈಟ್ ಮಾಡಿಕೊಡುವವರ ಖಾತೆ, ಗೆಳೆಯರ ಖಾತೆ ಬೇಡ. ಖಾತೆಗೆ ಎರಡು ಹಂತದ ಲಾಗಿನ್ ಹಾಕಿಕೊಳ್ಳಿ.

ಆ ಖಾತೆಗೆ ಕೊಡುವ ಇಮೇಲ್ ವಿಳಾಸ ನೀವು ಕೊಳ್ಳುತ್ತಿರುವ ಡೊಮೇನ್‌ನದೇ ಆಗಿರಬಾರದು. ಮುಂದೆ ಡೊಮೇನ್ ನಿಂತುಹೋದರೆ ಇಮೇಲ್ ಕೂಡ ನಿಲ್ಲುತ್ತದೆ. ಆಗ ಪಾಸ್‌ವರ್ಡ್ ಬದಲಿಸುವ ಸಂದೇಶವೂ ನಿಮಗೆ ತಲುಪುವುದಿಲ್ಲ.

ಮಾತುಕತೆ ಆದಷ್ಟು ಇಮೇಲ್‌ನಲ್ಲೇ ನಡೆಯಲಿ. ಫೋನ್‌ನಲ್ಲಿ ಮಾತಾಡಿದರೂ, "ನಾವು ಮಾತಾಡಿದ್ದು ಇಷ್ಟು" ಅಂತ ಒಂದು ಮೇಲ್ ಹಾಕಿ, ಅವರಿಂದ ಹೌದು ಅನ್ನಿಸಿಕೊಳ್ಳಿ.

## ಹಂತ 1: ಹೆಸರಿನ ಜಾತಕ ನೋಡಿ

ಡೊಮೇನ್ ಹೆಸರುಗಳ ನಿಯಮ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಲುಕಪ್ (ಹುಡುಕುವ) ಪುಟಕ್ಕೆ ಹೋಗಿ ಹೆಸರು ಹಾಕಿ. ಮೊದಲು ಹೂಈಸ್ ಅನ್ನುತ್ತಿದ್ದ ವ್ಯವಸ್ಥೆಯ ಜಾಗಕ್ಕೆ ಡಾಟ್ ಕಾಮ್‌ನಂಥ ಸಾಮಾನ್ಯ ಎಕ್ಸ್‌ಟೆನ್ಷನ್‌ಗಳಲ್ಲಿ (ಹೆಸರಿನ ಕೊನೆಯ ಭಾಗಗಳಲ್ಲಿ) 2025ರ ಜನವರಿ 28ರಿಂದ ಆರ್‌ಡಿಎಪಿ ಅನ್ನುವ ಹೊಸ ವ್ಯವಸ್ಥೆ ಬಂದಿದೆ. ಹೆಸರು ಬೇರೆಯಾದರೂ ನಿಮಗೆ ಬೇಕಾದ ಮಾಹಿತಿ ಅದೇ: ಈಗಿನ ರಿಜಿಸ್ಟ್ರಾರ್ ಯಾರು, ಯಾವತ್ತು ನೋಂದಣಿ ಆಯಿತು, ಯಾವತ್ತು ಅವಧಿ ಮುಗಿಯುತ್ತದೆ, ಈಗಿನ ಸ್ಥಿತಿ ಏನು. ಮಾಲೀಕರ ಹೆಸರು ಹೆಚ್ಚಾಗಿ ಕಾಣುವುದಿಲ್ಲ. 2018ರಲ್ಲಿ ಯುರೋಪಿನ ಖಾಸಗಿತನದ ಕಾನೂನು ಜಾರಿಯಾದ ಮೇಲೆ ಅದನ್ನು ಮುಚ್ಚಿಡುವುದೇ ವಾಡಿಕೆ. ಹಾಗಾಗಿ ಹೆಸರು ಮುಚ್ಚಿದೆ ಅಂದ ಮಾತ್ರಕ್ಕೆ ಅನುಮಾನ ಪಡಬೇಕಿಲ್ಲ.

ಸ್ಥಿತಿಯ ಸಾಲುಗಳನ್ನು ಮಾತ್ರ ಸುಮ್ನೆ ದಾಟಿ ಹೋಗಬೇಡಿ. "ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್" ಅಂತಿದ್ದರೆ ಅದು ಮಾಮೂಲಿ ಲಾಕ್, ಮಾಲೀಕರು ಬೇಕಾದಾಗ ತೆಗೆಯಬಹುದು. "ಸರ್ವರ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್" ಅಂತಿದ್ದರೆ ಲಾಕ್ ಬಿದ್ದಿರುವುದು ರಿಜಿಸ್ಟ್ರಿ (ಆ ಎಕ್ಸ್‌ಟೆನ್ಷನ್‌ನ ಎಲ್ಲ ಹೆಸರುಗಳ ಮೂಲ ಪಟ್ಟಿ ಇಟ್ಟುಕೊಳ್ಳುವ ಸಂಸ್ಥೆ) ಮಟ್ಟದಲ್ಲಿ. ಮಾಲೀಕರೇ ಕೇಳಿ ಹಾಕಿಸಿಕೊಂಡ ಹೆಚ್ಚಿನ ಭದ್ರತೆ ಇರಬಹುದು, ಇಲ್ಲವೇ ಹೆಸರಿನ ಮೇಲೆ ತಕರಾರು ನಡೆಯುತ್ತಿರಬಹುದು. ಯಾವುದು ಅಂತ ಕೇಳಿ, ಉತ್ತರ ಬರುವ ತನಕ ಮುಂದೆ ಹೋಗಬೇಡಿ. "ರಿಡೆಂಪ್ಷನ್ ಪೀರಿಯಡ್" ಅಥವಾ "ಪೆಂಡಿಂಗ್ ಡಿಲೀಟ್" ಕಂಡರೆ ಅಲ್ಲಿಗೇ ನಿಲ್ಲಿಸಿ. ಆ ಹೆಸರಿನ ಅವಧಿ ಮುಗಿದು ಅದು ಅಳಿಸಿಹೋಗುವ ದಾರಿಯಲ್ಲಿದೆ. ಮಾರುವವರ ಹತ್ತಿರ ಈಗ ಮಾರಲು ಏನೂ ಇಲ್ಲ.

ಅವಧಿ ಮುಗಿಯುವ ದಿನಾಂಕದಲ್ಲಿ ಒಂದು ಮೋಸಗಾರ ಅಂಶ ಇದೆ. ಡಾಟ್ ಕಾಮ್ ಹೆಸರಿನ ಅವಧಿ ಮುಗಿದ ಕೂಡಲೇ ರಿಜಿಸ್ಟ್ರಿ ತಾನಾಗಿಯೇ ಒಂದು ವರ್ಷ ಮುಂದೆ ಹಾಕುತ್ತದೆ. ಮಾಲೀಕರು ದುಡ್ಡು ಕಟ್ಟಿರದಿದ್ದರೂ ದಿನಾಂಕ ಮುಂದಿನ ವರ್ಷದ್ದು ಅಂತಲೇ ಕಾಣುತ್ತದೆ. ಈ ಗಡುವು 45 ದಿನಗಳವರೆಗೆ ಇರುತ್ತದೆ. ಅಷ್ಟರಲ್ಲಿ ಯಾವತ್ತು ಬೇಕಾದರೂ ರಿಜಿಸ್ಟ್ರಾರ್ ಹೆಸರನ್ನು ಅಳಿಸಬಹುದು. ಹಾಗಾಗಿ ಸ್ಥಿತಿಯಲ್ಲಿ "ಆಟೋ ರಿನ್ಯೂ ಪೀರಿಯಡ್" ಅಂತಿದ್ದರೆ, ಮೊದಲು ನವೀಕರಣದ ದುಡ್ಡು ಕಟ್ಟಲು ಮಾರುವವರಿಗೆ ಹೇಳಿ. ರಿಜಿಸ್ಟ್ರಾರ್ ಖಾತೆಯಲ್ಲಿ ಅದು ಕಾಣುವುದನ್ನು ತೋರಿಸಲಿ, ಆಮೇಲೆ ಮಾತು.

ಇನ್ನೊಂದು ಲೆಕ್ಕ 60 ದಿನಗಳದ್ದು. ಹೆಸರು ಹೊಸದಾಗಿ ನೋಂದಣಿಯಾಗಿ ಅಥವಾ ಒಂದು ರಿಜಿಸ್ಟ್ರಾರ್‌ನಿಂದ ಇನ್ನೊಂದಕ್ಕೆ ಬಂದು 60 ದಿನ ಆಗಿಲ್ಲದಿದ್ದರೆ ಅದನ್ನು ಬೇರೆ ಕಡೆ ಸಾಗಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಹೀಗಿದ್ದಾಗ ಅದೇ ರಿಜಿಸ್ಟ್ರಾರ್‌ನಲ್ಲಿ ನೀವೂ ಖಾತೆ ತೆರೆಯಬೇಕು. ಅದರ ವಿವರ ಹಂತ 6ರಲ್ಲಿದೆ.

ಈಗ ಹೆಸರಿನ ಹಳೆಯ ಬದುಕು. ಹಳೆಯ ವೆಬ್ ಪುಟಗಳನ್ನು ಉಳಿಸಿಡುವ ವೇಬ್ಯಾಕ್ ಮಷೀನ್‌ನಲ್ಲಿ ಹಾಕಿ ನೋಡಿದರೆ ಆ ವಿಳಾಸದಲ್ಲಿ ಹಿಂದೆ ಏನಿತ್ತು ಅಂತ ಗೊತ್ತಾಗುತ್ತದೆ. ಜಂಕ್ ಮೇಲ್ ಕಳಿಸುವವರನ್ನು ಗುರುತಿಸುವ ಸ್ಪ್ಯಾಮ್‌ಹೌಸ್ ಪಟ್ಟಿಯಲ್ಲೂ ಅಪಾಯದ ಸೈಟ್‌ಗಳನ್ನು ತೋರಿಸುವ ಗೂಗಲ್‌ನ ಸೇಫ್ ಬ್ರೌಸಿಂಗ್ ಪುಟದಲ್ಲೂ ಒಮ್ಮೆ ಹುಡುಕಿ. ಜಂಕ್ ಮೇಲ್ ಕಳಿಸಿ ಹೆಸರು ಕೆಡಿಸಿಕೊಂಡ ಡೊಮೇನ್ ಕೊಂಡರೆ ನಿಮ್ಮ ಮೇಲ್‌ಗಳೂ ಜಂಕ್‌ಗೇ ಹೋಗುತ್ತವೆ.

ಟ್ರೇಡ್‌ಮಾರ್ಕ್ ನೋಡದೆ ಕೊಳ್ಳಲೇಬೇಡಿ. ಹೆಸರಿನಲ್ಲಿ ಯಾವುದಾದರೂ ಕಂಪನಿಯ ಬ್ರಾಂಡ್ ಇದ್ದರೆ ಅವರು ಯುಡಿಆರ್‌ಪಿ ಅನ್ನುವ ದೂರು ಪದ್ಧತಿಯಲ್ಲಿ ಕೇಸ್ ಹಾಕಬಹುದು. 1999ರಿಂದ ಇರುವ ಪದ್ಧತಿ ಇದು. ಅಲ್ಲಿ ಸೋತರೆ ಹೆಸರು ಅವರಿಗೆ ಹೋಗುತ್ತದೆ, ನೀವು ಕೊಟ್ಟ ಬೆಲೆಯನ್ನು ಯಾರೂ ತುಂಬಿಕೊಡುವುದಿಲ್ಲ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಬ್ರಾಂಡ್ ಡೇಟಾಬೇಸ್‌ನಲ್ಲಿ ಉಚಿತವಾಗಿ ಹುಡುಕಬಹುದು.

ವರ್ಷದ ನವೀಕರಣ ಶುಲ್ಕವನ್ನೂ ಈಗಲೇ ನೋಡಿಕೊಳ್ಳಿ. ಹೊಸ ಎಕ್ಸ್‌ಟೆನ್ಷನ್‌ಗಳಲ್ಲಿ ಕೆಲವು ಹೆಸರುಗಳನ್ನು ರಿಜಿಸ್ಟ್ರಿಯೇ ಪ್ರೀಮಿಯಂ ಅಂತ ಗುರುತಿಸಿ ಪ್ರತಿ ವರ್ಷವೂ ಜಾಸ್ತಿ ದುಡ್ಡು ಕೇಳುತ್ತದೆ. ದೇಶಗಳ ಎಕ್ಸ್‌ಟೆನ್ಷನ್ ಆದರೆ ನಿಯಮವೂ ಬೇರೆ. ಡಾಟ್ ಸಿಎ ಬೇಕಾದರೆ ಕೆನಡಾದ ನಂಟು ಇರಬೇಕು, ಡಾಟ್ ಇಯು ಬೇಕಾದರೆ ಯುರೋಪಿಯನ್ ಒಕ್ಕೂಟದ ನಂಟು ಇರಬೇಕು. ನಿಮಗೆ ಅರ್ಹತೆಯೇ ಇಲ್ಲದ ಹೆಸರಿಗೆ ದುಡ್ಡು ಕಟ್ಟಿ ಏನು ಪ್ರಯೋಜನ?

## ಹಂತ 2: ಮಾರುವವರೇ ಮಾಲೀಕರಾ ಅಂತ ಪರೀಕ್ಷಿಸಿ

ಇಮೇಲ್‌ನಲ್ಲಿ "ಇದು ನನ್ನ ಡೊಮೇನ್" ಅಂತ ಯಾರು ಬೇಕಾದರೂ ಬರೆಯಬಹುದು. ಸ್ಕ್ರೀನ್‌ಶಾಟ್ ಪುರಾವೆ ಅಲ್ಲ. ಬ್ರೌಸರ್‌ನಲ್ಲೇ ಪುಟದ ಅಕ್ಷರ ಬದಲಿಸಿ ಚಿತ್ರ ತೆಗೆಯುವುದು ಎರಡು ನಿಮಿಷದ ಕೆಲಸ.

ಬದಲಿಗೆ ಈ ಪರೀಕ್ಷೆ ಮಾಡಿ. ನಿಮ್ಮ ಮನಸ್ಸಿಗೆ ಬಂದ ಅರ್ಥವಿಲ್ಲದ ಒಂದು ಪದ ಆರಿಸಿ, ಹಿಂದೆ ನಾಲ್ಕು ಅಂಕಿ ಸೇರಿಸಿ. ಇದನ್ನು ಡೊಮೇನ್‌ನ ಡಿಎನ್‌ಎಸ್‌ನಲ್ಲಿ (ಹೆಸರು ಎಲ್ಲಿಗೆ ತಿರುಗಬೇಕು ಅಂತ ಹೇಳುವ, ಎಲ್ಲರಿಗೂ ಕಾಣುವ ದಾಖಲೆಯಲ್ಲಿ) ಟಿಎಕ್ಸ್‌ಟಿ ರೆಕಾರ್ಡ್ ಆಗಿ, ಅಂದರೆ ಬರೀ ಬರಹದ ಒಂದು ಸಾಲಾಗಿ, ಹಾಕಲು ಮಾರುವವರಿಗೆ ಹೇಳಿ. ಸ್ವಲ್ಪ ಹೊತ್ತು ಬಿಟ್ಟು ಯಾವುದಾದರೂ ಡಿಎನ್‌ಎಸ್ ಹುಡುಕುವ ಸಾಧನದಲ್ಲಿ ನೋಡಿ. ನೀವು ಕೊಟ್ಟ ಪದವೇ ಅಲ್ಲಿ ಕಂಡರೆ ಆ ಡೊಮೇನ್‌ನ ಕೀಲಿ ಅವರ ಕೈಯಲ್ಲಿದೆ ಅಂತಾಯಿತು. ನಿಜವಾದ ಮಾಲೀಕರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. "ಅದೆಲ್ಲ ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ" ಅನ್ನುವವರ ಜೊತೆ ವ್ಯವಹಾರ ಬೇಡ.

ಆದರೆ ಕೀಲಿ ಕಳ್ಳನ ಕೈಯಲ್ಲೂ ಇರಬಹುದು ಅಲ್ವಾ? ಟಿಎಕ್ಸ್‌ಟಿ ಪರೀಕ್ಷೆ ಇದನ್ನು ಹಿಡಿಯುವುದಿಲ್ಲ. ಪಿ2ಪಿ ಡಾಟ್ ಕಾಮ್ ಅನ್ನುವ ಹೆಸರನ್ನು 2006ರಲ್ಲಿ ಮಾಲೀಕರ ಖಾತೆಯಿಂದ ಕದ್ದು ಈಬೇಯಲ್ಲಿ ಮಾರಿಬಿಟ್ಟಿದ್ದರು. ಕೊಂಡವರು ಅಮೆರಿಕದ ಒಬ್ಬ ವೃತ್ತಿಪರ ಬಾಸ್ಕೆಟ್‌ಬಾಲ್ ಆಟಗಾರ. ಕೊಟ್ಟದ್ದು 1 ಲಕ್ಷ ಡಾಲರ್‌ಗೂ ಜಾಸ್ತಿ. ಕದ್ದವನಿಗೆ 2011ರಲ್ಲಿ ಜೈಲು ಶಿಕ್ಷೆ ಆಯಿತು. ಅಂಥ ಹೆಸರು ಕೊಂಡವರು ತಪ್ಪಿಲ್ಲದೆಯೂ ವರ್ಷಗಟ್ಟಲೆ ಜಗಳದ ನಡುವೆ ಸಿಕ್ಕಿಹಾಕಿಕೊಳ್ಳುತ್ತಾರೆ.

ಕದ್ದ ಹೆಸರಿನ ಲಕ್ಷಣಗಳಿವೆ. ವರ್ಷಗಳಿಂದ ಒಂದೇ ಕಡೆ ಇದ್ದ ಹೆಸರು ಈಚೆಗೆ ಇದ್ದಕ್ಕಿದ್ದಂತೆ ಬೇರೆ ರಿಜಿಸ್ಟ್ರಾರ್‌ಗೆ ಹಾರಿರುತ್ತದೆ. ಲುಕಪ್‌ನಲ್ಲಿ ಕೊನೆಯ ಬದಲಾವಣೆಯ ದಿನಾಂಕ ತೀರಾ ಹೊಸದಾಗಿರುತ್ತದೆ. ಚಿಕ್ಕ, ಚಂದದ, ಹಳೆಯ ಹೆಸರಿಗೆ ನಂಬಲಾಗದಷ್ಟು ಕಡಿಮೆ ಬೆಲೆ ಕೇಳುತ್ತಾರೆ. ಹಳೆಯ ವೆಬ್‌ಸೈಟಿನಲ್ಲಿ ಇದ್ದ ಸಂಸ್ಥೆಯ ಹೆಸರಿಗೂ ಮಾರುವವರಿಗೂ ಸಂಬಂಧವೇ ಕಾಣುವುದಿಲ್ಲ. ಇದರಲ್ಲಿ ಎರಡು ಒಟ್ಟಿಗೆ ಕಂಡರೂ ನಾನಾದರೆ ಕೈಬಿಡುತ್ತೇನೆ.

ಇನ್ನೊಂದು ದಾರಿಯಿಂದಲೂ ಖಚಿತ ಮಾಡಿಕೊಳ್ಳಬಹುದು. ಮಾಲೀಕರ ಹೆಸರು ಮುಚ್ಚಿದ್ದರೂ ಅವರನ್ನು ಸಂಪರ್ಕಿಸಲು ಒಂದು ಫಾರ್ಮ್ ಅಥವಾ ಮರೆಮಾಚಿದ ಇಮೇಲ್ ವಿಳಾಸ ಸಿಗುತ್ತದೆ. ಅದಕ್ಕೆ ಒಂದು ಸಣ್ಣ ಪ್ರಶ್ನೆ ಕಳಿಸಿ, "ಅಲ್ಲಿಗೆ ಏನು ಬಂತು ಹೇಳಿ" ಅಂತ ಮಾರುವವರನ್ನು ಕೇಳಿ. ವೇಬ್ಯಾಕ್ ಮಷೀನ್‌ನಲ್ಲಿ ಹಳೆಯ ಸಂಪರ್ಕ ಪುಟ ಸಿಕ್ಕರೆ ಆ ವಿಳಾಸಕ್ಕೂ ಒಂದು ಸಾಲು ಬರೆಯಿರಿ: "ನೀವು ಈ ಡೊಮೇನ್ ಮಾರುತ್ತಿದ್ದೀರಾ?" ಕದ್ದ ಹೆಸರಾಗಿದ್ದರೆ ಈ ಒಂದು ಸಾಲು ನಿಮ್ಮನ್ನೂ ಉಳಿಸುತ್ತದೆ, ಅವರನ್ನೂ ಉಳಿಸುತ್ತದೆ.

## ಹಂತ 3: ಒಪ್ಪಂದ ಬರಹದಲ್ಲಿ ಇರಲಿ

ದೊಡ್ಡ ಪತ್ರ ಬೇಕಿಲ್ಲ, ಅರ್ಧ ಪುಟದ ಇಮೇಲ್ ಸಾಕು. ಅದರಲ್ಲಿ ಇರಬೇಕಾದದ್ದು: ಡೊಮೇನ್‌ನ ಪೂರ್ತಿ ಹೆಸರು ಅಕ್ಷರ ತಪ್ಪದಂತೆ, ಬೆಲೆ ಮತ್ತು ಯಾವ ದೇಶದ ಕರೆನ್ಸಿ, ಎಸ್ಕ್ರೋ (ನಡುವೆ ದುಡ್ಡು ಹಿಡಿದಿಟ್ಟುಕೊಳ್ಳುವ ಮೂರನೆಯವರ) ಶುಲ್ಕ ಯಾರು ಕಟ್ಟುತ್ತಾರೆ, ತೆರಿಗೆ ಬಂದರೆ ಯಾರ ಮೇಲೆ, ಹೆಸರು ಯಾವ ರೀತಿ ವರ್ಗಾವಣೆ ಆಗುತ್ತದೆ, ದುಡ್ಡು ಕಟ್ಟಿದ ಎಷ್ಟು ದಿನದಲ್ಲಿ ಮಾರುವವರು ಕೆಲಸ ಶುರು ಮಾಡಬೇಕು, ಹೆಸರು ಬಂದ ಮೇಲೆ ಪರಿಶೀಲಿಸಲು ನಿಮಗೆ ಎಷ್ಟು ದಿನ.

ವೆಬ್‌ಸೈಟ್, ಲೋಗೋ, ಸೋಷಿಯಲ್ ಮೀಡಿಯಾ ಖಾತೆಗಳು ಸೇರಿವೆಯಾ ಅನ್ನುವುದನ್ನೂ ಬರೆಯಿರಿ. "ಡೊಮೇನ್ ಮಾತ್ರ" ಅಂದರೆ ಹೆಸರೊಂದೇ. ಇದನ್ನು ಬರೆಯದೆ ಬಿಟ್ಟು ಕೊನೆಯಲ್ಲಿ ಜಗಳ ಆಡುವವರು ಬಹಳ.

## ಹಂತ 4: ದುಡ್ಡಿನ ದಾರಿ ಆರಿಸಿ

ನೇರ ಬ್ಯಾಂಕ್ ವರ್ಗಾವಣೆ, ದುಡ್ಡು ಕಳಿಸುವ ಆ್ಯಪ್, ಕ್ರಿಪ್ಟೋ, ಗಿಫ್ಟ್ ಕಾರ್ಡ್: ಗುರುತಿಲ್ಲದ ಮಾರಾಟಗಾರರಿಗೆ ಈ ಯಾವ ದಾರಿಯಲ್ಲೂ ದುಡ್ಡು ಕಳಿಸಬೇಡಿ. ಕ್ರಿಪ್ಟೋ ಒಮ್ಮೆ ಹೋದರೆ ವಾಪಸ್ ಕರೆಯುವ ಅಧಿಕಾರ ಯಾರಿಗೂ ಇಲ್ಲ. ಬ್ಯಾಂಕ್ ವರ್ಗಾವಣೆಯೂ ಹೆಚ್ಚು ಕಡಿಮೆ ಹಾಗೇ. ಗಿಫ್ಟ್ ಕಾರ್ಡ್ ಕೇಳಿದರಂತೂ ಅದು ಮೋಸವೇ, ಎರಡನೇ ಯೋಚನೆ ಬೇಡ.

ಪೇಪಾಲ್ ವಿಚಾರದಲ್ಲಿ ಜನ ಪೂರ್ತಿ ಧೈರ್ಯದಿಂದ ಇರುತ್ತಾರೆ. ಅಷ್ಟು ಧೈರ್ಯ ಬೇಡ. "ಫ್ರೆಂಡ್ಸ್ ಆ್ಯಂಡ್ ಫ್ಯಾಮಿಲಿ" ಅಂತ ಕಳಿಸಿದ ದುಡ್ಡಿಗೆ ಕೊಳ್ಳುವವರ ರಕ್ಷಣೆ ಇಲ್ಲ. "ಶುಲ್ಕ ಉಳಿಯುತ್ತೆ, ಹಾಗೇ ಕಳಿಸಿ" ಅಂತ ಮಾರುವವರು ಹೇಳಿದರೆ ಒಪ್ಪಬೇಡಿ. ಸರಕಿನ ಪಾವತಿ ಅಂತ ಕಳಿಸಿದರೆ 180 ದಿನಗಳೊಳಗೆ ತಕರಾರು ಹಾಕಬಹುದು. ಆದರೂ ಕೈಗೆ ಮುಟ್ಟದ ವಸ್ತುವಿನ ವಿಷಯದಲ್ಲಿ "ತಲುಪಿಲ್ಲ" ಅಂತ ಸಾಬೀತು ಮಾಡುವುದು ತಲೆನೋವು. ಮಾರುವವರು ಪೇಪಾಲ್ ಬೇಡ ಅಂದರೆ ಅದು ಮೋಸದ ಲಕ್ಷಣ ಅಲ್ಲ. ಹೆಸರು ಕೊಟ್ಟ ಮೇಲೆ ಕೊಂಡವರು ದುಡ್ಡು ವಾಪಸ್ ಎಳೆದುಕೊಂಡರೆ ಅಂತ ಅವರಿಗೂ ಭಯ ಇರುತ್ತದೆ.

ನಂಬಬಹುದಾದ ದಾರಿಗಳು ಎರಡು. ಸೆಡೋ, ಆಫ್ಟರ್ನಿಕ್ ತರಹದ ಮಾರುಕಟ್ಟೆಯಲ್ಲಿ ಹೆಸರು ಪಟ್ಟಿಯಾಗಿದ್ದರೆ ಅಲ್ಲೇ ಕೊಳ್ಳಿ. ದುಡ್ಡು ಹಿಡಿದುಕೊಂಡು ಹೆಸರು ಸಾಗಿಸುವ ಕೆಲಸ ಮಾರುಕಟ್ಟೆಯವರದ್ದು. "ಅಲ್ಲಿ ಕಮಿಷನ್ ಹೋಗುತ್ತೆ, ಹೊರಗಡೆ ಮಾಡೋಣ, ಕಡಿಮೆಗೆ ಕೊಡ್ತೀನಿ" ಅನ್ನುವ ಮಾತಿಗೆ ಮರುಳಾಗಬೇಡಿ. ನಿಮ್ಮನ್ನು ಕಾಯುತ್ತಿರುವುದೇ ಆ ಕಮಿಷನ್.

ಹೆಸರು ಯಾವ ಮಾರುಕಟ್ಟೆಯಲ್ಲೂ ಇಲ್ಲದಿದ್ದರೆ ಎಸ್ಕ್ರೋ ಸೇವೆ ಬಳಸಿ. ಡೊಮೇನ್ ವ್ಯವಹಾರದಲ್ಲಿ ಜಾಸ್ತಿ ಬಳಕೆಯಲ್ಲಿರುವುದು 1999ರಲ್ಲಿ ಶುರುವಾದ ಎಸ್ಕ್ರೋ ಡಾಟ್ ಕಾಮ್. ಇದು ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಪಡೆದ ಸಂಸ್ಥೆ. ಕೆಲಸ ಮಾಡುವ ರೀತಿ ಸರಳ. ಇಬ್ಬರೂ ಷರತ್ತು ಒಪ್ಪುತ್ತೀರಿ. ನೀವು ದುಡ್ಡನ್ನು ಎಸ್ಕ್ರೋಗೆ ಕಟ್ಟುತ್ತೀರಿ. ದುಡ್ಡು ಬಂತು ಅಂತ ಅವರು ಮಾರುವವರಿಗೆ ತಿಳಿಸುತ್ತಾರೆ. ಮಾರುವವರು ಹೆಸರು ಸಾಗಿಸುತ್ತಾರೆ. ನೀವು ನೋಡಿ ಒಪ್ಪಿಗೆ ಕೊಡುತ್ತೀರಿ. ಆಮೇಲಷ್ಟೇ ದುಡ್ಡು ಮಾರುವವರಿಗೆ ಸೇರುತ್ತದೆ.

## ಹಂತ 5: ಎಸ್ಕ್ರೋ ಅಸಲಿಯಾ ಅಂತ ನೋಡಿಯೇ ದುಡ್ಡು ಕಟ್ಟಿ

ಎಸ್ಕ್ರೋ ಬಳಸಿಯೂ ದುಡ್ಡು ಕಳೆದುಕೊಂಡವರಿದ್ದಾರೆ, ಯಾಕೆಂದರೆ ಅವರು ಬಳಸಿದ ಎಸ್ಕ್ರೋವೇ ನಕಲಿ. ಮೋಸಗಾರರು ಚಂದದ ಒಂದು ಸೈಟ್ ಮಾಡಿ, "ನಾನು ಯಾವಾಗಲೂ ಇವರ ಮೂಲಕವೇ ಮಾರುವುದು" ಅಂತ ಲಿಂಕ್ ಕಳಿಸುತ್ತಾರೆ. ಇಲ್ಲವೇ ಅಸಲಿ ಸೇವೆಯ ಹೆಸರನ್ನೇ ಹೋಲುವ ವಿಳಾಸ ಮಾಡಿರುತ್ತಾರೆ: ನಡುವೆ ಒಂದು ಗೆರೆ, ಕೊನೆಗೆ ಬೇರೆ ಎಕ್ಸ್‌ಟೆನ್ಷನ್, ಒಂದು ಅಕ್ಷರ ಆಚೀಚೆ.

ಆದ್ದರಿಂದ ಎಸ್ಕ್ರೋ ಆರಿಸುವವರು ನೀವೇ ಆಗಿರಿ. ವಿಳಾಸವನ್ನು ಬ್ರೌಸರ್‌ನಲ್ಲಿ ಕೈಯಾರೆ ಟೈಪ್ ಮಾಡಿ ಹೋಗಿ. ಇಮೇಲ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ, ಹುಡುಕಾಟದ ಪುಟದ ಮೇಲ್ಗಡೆ ಬರುವ ಜಾಹೀರಾತನ್ನೂ ಒತ್ತಬೇಡಿ. ಹೆಸರು ಕೇಳಿರದ ಸೇವೆಯಾದರೆ, ಅವರು ಹೇಳುವ ಲೈಸೆನ್ಸ್ ನಂಬರನ್ನು ಆ ಲೈಸೆನ್ಸ್ ಕೊಟ್ಟ ಸರ್ಕಾರಿ ಇಲಾಖೆಯ ಪುಟದಲ್ಲೇ ಹುಡುಕಿ. ಜೊತೆಗೆ ಆ ಎಸ್ಕ್ರೋ ಸೈಟಿನ ಡೊಮೇನ್ ಯಾವಾಗ ನೋಂದಣಿ ಆಯಿತು ಅಂತ ಲುಕಪ್‌ನಲ್ಲಿ ನೋಡಿ. "ಇಪ್ಪತ್ತು ವರ್ಷದ ಅನುಭವ" ಅಂತ ಹೇಳಿಕೊಳ್ಳುವ ಸೈಟ್ ಹೋದ ತಿಂಗಳು ನೋಂದಣಿಯಾಗಿದ್ದರೆ ಕಥೆ ಮುಗಿಯಿತು.

ಪರಿಶೀಲನೆಯ ಅವಧಿ ತುಂಬಾ ಚಿಕ್ಕದಾಗಿ ಹಾಕಬೇಡಿ. ಒಂದು ದಿನ ಅಂತ ಹಾಕಿ, ಅದೇ ದಿನ ನಿಮಗೆ ಏನೋ ಕೆಲಸ ಬಂದರೆ ಒಪ್ಪಿಗೆ ಕೊಟ್ಟಂತೆಯೇ ಲೆಕ್ಕ ಆಗಬಹುದು.

ಬ್ಯಾಂಕ್ ವಿವರಗಳನ್ನು ಎಸ್ಕ್ರೋ ಖಾತೆಗೆ ಲಾಗಿನ್ ಆಗಿ ಅಲ್ಲಿಂದಲೇ ತೆಗೆದುಕೊಳ್ಳಿ. "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಹೊಸ ಖಾತೆಗೆ ಕಳಿಸಿ" ಅಂತ ಇಮೇಲ್ ಬಂದರೆ ಒಂದು ಹೆಜ್ಜೆಯೂ ಮುಂದೆ ಇಡಬೇಡಿ. ಇದು ತುಂಬ ಹಳೆಯ, ಇವತ್ತಿಗೂ ಫಲ ಕೊಡುವ ಮೋಸ. ಎಸ್ಕ್ರೋ ಸೇವೆಯ ಸಹಾಯವಾಣಿಗೆ, ಅವರ ಸೈಟಿನಲ್ಲಿ ಇರುವ ನಂಬರಿಗೇ, ಫೋನ್ ಮಾಡಿ ಕೇಳಿ. ದುಡ್ಡು ಹೋಗಬೇಕಾದದ್ದು ಸಂಸ್ಥೆಯ ಹೆಸರಿನ ಖಾತೆಗೆ. ಯಾರದೋ ವ್ಯಕ್ತಿಯ ಹೆಸರು ಕಂಡರೆ ಕಳಿಸಬೇಡಿ. ವ್ಯವಹಾರದ ನಂಬರನ್ನು ಪಾವತಿಯ ಟಿಪ್ಪಣಿಯಲ್ಲಿ ಹಾಕಲು ಮರೆಯಬೇಡಿ. ಅದು ಇಲ್ಲದಿದ್ದರೆ ಯಾವ ವ್ಯವಹಾರದ ದುಡ್ಡು ಅಂತ ಹುಡುಕುವುದರಲ್ಲೇ ಅವರಿಗೆ ದಿನ ಹಿಡಿಯುತ್ತದೆ.

## ಹಂತ 6: ಹೆಸರನ್ನು ನಿಮ್ಮ ಖಾತೆಗೆ ತರಿಸಿಕೊಳ್ಳಿ

ಇದಕ್ಕೆ ಎರಡು ರೀತಿ. ಇಬ್ಬರ ಖಾತೆಯೂ ಒಂದೇ ರಿಜಿಸ್ಟ್ರಾರ್‌ನಲ್ಲಿ ಇದ್ದರೆ "ಪುಶ್" ಮಾಡಬಹುದು. ಮಾರುವವರು ನಿಮ್ಮ ಖಾತೆಯ ಇಮೇಲ್ ಅಥವಾ ಗ್ರಾಹಕ ನಂಬರ್ ಹಾಕಿ ಕಳಿಸುತ್ತಾರೆ, ನೀವು ಸ್ವೀಕರಿಸುತ್ತೀರಿ. ಹೆಚ್ಚಾಗಿ ಅದೇ ದಿನ ಮುಗಿಯುತ್ತದೆ. 60 ದಿನಗಳ ತಡೆ ಇರುವ ಹೆಸರಿಗೂ ಸಾಮಾನ್ಯವಾಗಿ ಈ ದಾರಿ ತೆರೆದಿರುತ್ತದೆ. ನನ್ನ ಸಲಹೆ ಕೇಳಿದರೆ, ಮಾರುವವರ ರಿಜಿಸ್ಟ್ರಾರ್ ಒಳ್ಳೆಯವರಾಗಿದ್ದರೆ ಅಲ್ಲೇ ಒಂದು ಖಾತೆ ತೆರೆದು ಪುಶ್ ಮಾಡಿಸಿಕೊಳ್ಳಿ. ತೊಡಕು ಕಡಿಮೆ.

ಬೇರೆ ರಿಜಿಸ್ಟ್ರಾರ್‌ಗೆ ತರಬೇಕಾದರೆ ಕ್ರಮ ಹೀಗೆ:

1. ಎಸ್ಕ್ರೋದಲ್ಲಿ ದುಡ್ಡು ಬಂದಿದೆ ಅಂತ ಖಾತ್ರಿಯಾದ ಮೇಲೆ ಮಾರುವವರು ಲಾಕ್ ತೆಗೆಯುತ್ತಾರೆ.
2. ಅವರ ಖಾತೆಯಿಂದ ಆಥ್ ಕೋಡ್ (ಹೆಸರು ಸಾಗಿಸಲು ಬೇಕಾದ ಗುಪ್ತ ಸಂಕೇತ) ಪಡೆದು ನಿಮಗೆ ಕೊಡುತ್ತಾರೆ. ಕೆಲವು ಕಡೆ ಇದನ್ನು ಇಪಿಪಿ ಕೋಡ್ ಅನ್ನುತ್ತಾರೆ. ಕೇಳಿದ 5 ದಿನಗಳೊಳಗೆ ರಿಜಿಸ್ಟ್ರಾರ್ ಇದನ್ನು ಕೊಡಬೇಕು.
3. ನೀವು ನಿಮ್ಮ ರಿಜಿಸ್ಟ್ರಾರ್‌ನಲ್ಲಿ ಟ್ರಾನ್ಸ್‌ಫರ್ ಶುರು ಮಾಡಿ ಕೋಡ್ ಹಾಕುತ್ತೀರಿ. ಡಾಟ್ ಕಾಮ್‌ನಂಥ ಹೆಸರಿಗೆ ಒಂದು ವರ್ಷದ ಶುಲ್ಕ ಕಟ್ಟಬೇಕು, ಆ ವರ್ಷ ಅವಧಿಗೆ ಸೇರುತ್ತದೆ.
4. ಹಳೆಯ ರಿಜಿಸ್ಟ್ರಾರ್ ಮಾರುವವರಿಗೆ ಮೇಲ್ ಕಳಿಸುತ್ತದೆ. ಅವರು ಸುಮ್ಮನಿದ್ದರೆ 5 ದಿನಗಳ ನಂತರ ಹೆಸರು ತಾನಾಗಿ ಸಾಗುತ್ತದೆ. ಬಹಳಷ್ಟು ಕಡೆ ಮಾರುವವರು ಖಾತೆಯಲ್ಲಿ "ಒಪ್ಪಿಗೆ" ಒತ್ತಿದರೆ ಬೇಗ ಆಗುತ್ತದೆ. ಒತ್ತಲು ಹೇಳಿ.

ಆ 5 ದಿನಗಳಲ್ಲಿ ಮಾರುವವರು ಟ್ರಾನ್ಸ್‌ಫರ್ ರದ್ದು ಮಾಡಲೂಬಹುದು. ಹಾಗಾಗಿ "ಟ್ರಾನ್ಸ್‌ಫರ್ ಶುರುವಾಗಿದೆ" ಅನ್ನುವುದು "ಹೆಸರು ಬಂದಿದೆ" ಅನ್ನುವುದಕ್ಕೆ ಸಮ ಅಲ್ಲ. ದೇಶಗಳ ಎಕ್ಸ್‌ಟೆನ್ಷನ್‌ಗಳಲ್ಲಿ ಕ್ರಮವೂ ಬೇರೆ ಇರುತ್ತದೆ. ಡಾಟ್ ಯುಕೆ ಹೆಸರಿಗೆ ಬಹುಕಾಲ ಆಥ್ ಕೋಡ್ ಬದಲು ಮಾರುವವರು ರಿಜಿಸ್ಟ್ರಾರ್‌ನ ಟ್ಯಾಗ್ (ಹೆಸರು ಯಾವ ರಿಜಿಸ್ಟ್ರಾರ್‌ನದು ಅಂತ ಹೇಳುವ ಗುರುತು) ಬದಲಿಸುವ ಪದ್ಧತಿ ಇತ್ತು. ಈಗಿನ ಕ್ರಮ ಏನು ಅಂತ ನಿಮ್ಮ ರಿಜಿಸ್ಟ್ರಾರ್‌ನಲ್ಲಿ ಕೇಳಿ.

ಇಲ್ಲಿ ಬಹಳ ಜನ ಸಿಕ್ಕಿಬೀಳುವ ಒಂದು ಗುಂಡಿ ಇದೆ. ಮಾರುವವರು ಒಳ್ಳೆಯ ಮನಸ್ಸಿನಿಂದಲೇ, ಟ್ರಾನ್ಸ್‌ಫರ್‌ಗೆ ಮೊದಲು ಮಾಲೀಕರ ಹೆಸರಿನ ಜಾಗದಲ್ಲಿ ನಿಮ್ಮ ಹೆಸರು ಹಾಕಿಬಿಡುತ್ತಾರೆ. ಮಾಲೀಕರ ವಿವರ ಬದಲಾದ ಕೂಡಲೇ ಹೊಸದಾಗಿ 60 ದಿನಗಳ ಲಾಕ್ ಬೀಳಬಹುದು. ಮೊದಲೇ ಬೇಡ ಅಂತ ಆಯ್ಕೆ ಮಾಡಲು ಕೆಲವು ರಿಜಿಸ್ಟ್ರಾರ್‌ಗಳು ಮಾತ್ರ ಬಿಡುತ್ತವೆ. ಲಾಕ್ ಬಿತ್ತು ಅಂದರೆ ಎರಡು ತಿಂಗಳು ದುಡ್ಡು ಎಸ್ಕ್ರೋದಲ್ಲಿ, ಹೆಸರು ಅವರ ಖಾತೆಯಲ್ಲಿ. ಆದ್ದರಿಂದ ಮೊದಲೇ ಹೇಳಿಬಿಡಿ: "ಯಾವ ವಿವರವನ್ನೂ ಬದಲಿಸಬೇಡಿ, ಹಾಗೇ ಟ್ರಾನ್ಸ್‌ಫರ್ ಮಾಡೋಣ." ಹೆಸರು ನಿಮ್ಮಲ್ಲಿಗೆ ಬಂದ ಮೇಲೆ ವಿವರ ಬದಲಿಸಿಕೊಳ್ಳಬಹುದು.

ಇನ್ನೊಂದು ಮಾತು. "ನನ್ನ ರಿಜಿಸ್ಟ್ರಾರ್ ಖಾತೆಯನ್ನೇ ನಿಮಗೆ ಕೊಡ್ತೀನಿ, ಲಾಗಿನ್ ಪಾಸ್‌ವರ್ಡ್ ತಗೊಳ್ಳಿ" ಅಂದರೆ ಒಪ್ಪಬೇಡಿ. ಖಾತೆ ತೆರೆದವರು ಅವರು, ಗುರುತಿನ ದಾಖಲೆ ಅವರದ್ದು. ನಾಳೆ "ನನ್ನ ಖಾತೆ ಹ್ಯಾಕ್ ಆಗಿದೆ" ಅಂತ ದೂರು ಕೊಟ್ಟರೆ ರಿಜಿಸ್ಟ್ರಾರ್ ನಂಬುವುದು ಅವರನ್ನೇ.

## ಹಂತ 7: ಒಪ್ಪಿಗೆ ಒತ್ತುವ ಮೊದಲು ನೋಡಬೇಕಾದದ್ದು

ಇಡೀ ವ್ಯವಹಾರದಲ್ಲಿ ವಾಪಸ್ ತೆಗೆದುಕೊಳ್ಳಲಾಗದ ಕೆಲಸ ಇದೊಂದೇ. ಮಾರುವವರು ಎಷ್ಟೇ ಅವಸರ ಮಾಡಲಿ, ನಿಧಾನವಾಗಿ ನೋಡಿ.

ನೇಮ್‌ಸರ್ವರ್ (ಡೊಮೇನ್‌ನ ಡಿಎನ್‌ಎಸ್ ದಾಖಲೆ ಇಟ್ಟುಕೊಳ್ಳುವ ಸರ್ವರ್) ಬದಲಾದದ್ದನ್ನೇ ಮಾಲೀಕತ್ವ ಅಂತ ತಿಳಿಯುವುದು ತುಂಬ ಸಾಮಾನ್ಯ ತಪ್ಪು. ಮಾರುವವರು ಡೊಮೇನ್ ಅನ್ನು ನಿಮ್ಮ ಹೋಸ್ಟಿಂಗ್ ಕಡೆ ತಿರುಗಿಸುತ್ತಾರೆ. ಬ್ರೌಸರ್‌ನಲ್ಲಿ ಹಾಕಿದರೆ ನಿಮ್ಮದೇ ವೆಬ್‌ಸೈಟ್ ತೆರೆಯುತ್ತದೆ. ನೋಡಿ ಖುಷಿಯಾಗಿ ಒಪ್ಪಿಗೆ ಒತ್ತುತ್ತೀರಿ. ಆದರೆ ಹೆಸರು ಇನ್ನೂ ಅವರ ಖಾತೆಯಲ್ಲೇ ಇದೆ. ಮಾರನೇ ದಿನ ಬೇರೆ ಕಡೆ ತಿರುಗಿಸಿದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಸರಿಯಾದ ಪರೀಕ್ಷೆ ಹೀಗೆ. ನಿಮ್ಮ ರಿಜಿಸ್ಟ್ರಾರ್ ಸೈಟಿಗೆ ನೀವೇ ವಿಳಾಸ ಟೈಪ್ ಮಾಡಿ ಹೋಗಿ ಲಾಗಿನ್ ಆಗಿ. ಡೊಮೇನ್‌ಗಳ ಪಟ್ಟಿಯಲ್ಲಿ ಹೆಸರು ಇದೆಯಾ? ಅಕ್ಷರ ಅಕ್ಷರ ಓದಿ. "ಓ" ಬದಲು ಸೊನ್ನೆ, "ಎಲ್" ಬದಲು ಒಂದು, ಡಾಟ್ ಕಾಮ್ ಬದಲು ಡಾಟ್ ಸಿಒ ಇಲ್ಲ ತಾನೇ? ಬೇರೆ ಲಿಪಿಯ ಅಕ್ಷರ ಸೇರಿಸಿದ ಹೆಸರು ಕಣ್ಣಿಗೆ ಅಸಲಿಯಂತೆಯೇ ಕಾಣುತ್ತದೆ. ಅಂಥದ್ದು ಲುಕಪ್‌ನಲ್ಲಿ "ಎಕ್ಸ್‌ಎನ್" ಮತ್ತು ಎರಡು ಅಡ್ಡಗೆರೆಗಳಿಂದ ಶುರುವಾಗುವ ರೂಪದಲ್ಲಿ ಸಿಕ್ಕಿಬೀಳುತ್ತದೆ.

ಆಮೇಲೆ ಐಕ್ಯಾನ್ ಲುಕಪ್‌ಗೆ ಮತ್ತೆ ಹೋಗಿ. ಬೇರೆ ರಿಜಿಸ್ಟ್ರಾರ್‌ಗೆ ತಂದಿದ್ದರೆ ಈಗ ನಿಮ್ಮ ರಿಜಿಸ್ಟ್ರಾರ್ ಹೆಸರು ಕಾಣಬೇಕು. ಪುಶ್ ಆಗಿದ್ದರೆ ರಿಜಿಸ್ಟ್ರಾರ್ ಬದಲಾಗಿರುವುದಿಲ್ಲ. ಆಗ ನಿಮ್ಮ ಖಾತೆಯ ಪಟ್ಟಿಯೇ ಆಧಾರ.

ಕೊನೆಗೆ ನೀವೇ ಕೀಲಿ ತಿರುಗಿಸಿ ನೋಡಿ. ಹಂತ 2ರಲ್ಲಿ ಮಾರುವವರಿಂದ ಮಾಡಿಸಿದ ಟಿಎಕ್ಸ್‌ಟಿ ಪರೀಕ್ಷೆಯನ್ನು ಈಗ ನಿಮ್ಮ ಖಾತೆಯಿಂದ ಮಾಡಿ. ಡಿಎನ್‌ಎಸ್ ಇನ್ನೂ ಹಳೆಯ ಕಡೆಯೇ ಇದ್ದರೆ ನೇಮ್‌ಸರ್ವರ್ ಬದಲಿಸಿ, ಆ ಬದಲಾವಣೆ ಲುಕಪ್‌ನಲ್ಲಿ ಕಾಣುತ್ತಾ ನೋಡಿ. ಲಾಕ್ ಹಾಕಿ, ತೆಗೆದು, ಮತ್ತೆ ಹಾಕಿ. ಮಾಲೀಕರ ವಿವರದಲ್ಲಿ ನಿಮ್ಮ ಹೆಸರು, ನಿಮ್ಮ ಇಮೇಲ್ ಹಾಕಿ. ಇದೆಲ್ಲ ಆದ ಮೇಲೆ ಒಪ್ಪಿಗೆ ಒತ್ತಿ. ತಡ ಮಾಡಬೇಡಿ ಕೂಡ. ಹೆಸರು ಕೊಟ್ಟವರು ತಮ್ಮ ದುಡ್ಡಿಗೆ ಕಾಯುತ್ತಿರುತ್ತಾರೆ.

## ಹಂತ 8: ಅದೇ ದಿನ ಮಾಡಬೇಕಾದ ಕೆಲಸಗಳು

ರಿಜಿಸ್ಟ್ರಾರ್‌ನಿಂದ ಇಮೇಲ್ ದೃಢೀಕರಣದ ಮೇಲ್ ಬಂದಿರುತ್ತದೆ, ಹುಡುಕಿ ಒತ್ತಿ. ಐಕ್ಯಾನ್ ನಿಯಮದ ಪ್ರಕಾರ 15 ದಿನಗಳೊಳಗೆ ದೃಢೀಕರಿಸದಿದ್ದರೆ ಹೆಸರನ್ನು ತಡೆಹಿಡಿಯಬಹುದು. ಕಷ್ಟಪಟ್ಟು ಕೊಂಡ ಹೆಸರು ಒಂದು ಮೇಲ್ ಓದದ ಕಾರಣಕ್ಕೆ ನಿಲ್ಲಬಾರದು.

ತಾನಾಗಿ ನವೀಕರಣ ಆಗುವಂತೆ ಆನ್ ಮಾಡಿ, ಅವಧಿ ಹತ್ತಿರ ಇದ್ದರೆ ಈಗಲೇ ಮುಂದೆ ಹಾಕಿ.

ಹಳೆಯ ಮಾಲೀಕರು ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ಉತ್ತರ ಅಸಲಿಯಾ ಅಂತ ಪರೀಕ್ಷಿಸುವ ಭದ್ರತೆ) ಹಾಕಿದ್ದರೆ ಅದರ ಡಿಎಸ್ ರೆಕಾರ್ಡ್ ಜೊತೆಯಲ್ಲೇ ಬಂದಿರುತ್ತದೆ. ಅದನ್ನು ತೆಗೆಯದೆ ನೇಮ್‌ಸರ್ವರ್ ಬದಲಿಸಿದರೆ ಬಹಳ ಜನರಿಗೆ ಸೈಟ್ ತೆರೆಯುವುದೇ ಇಲ್ಲ, ನಿಮಗೆ ಕಾರಣವೂ ಹೊಳೆಯುವುದಿಲ್ಲ. ಹಂತ 7ರಲ್ಲಿ ನೇಮ್‌ಸರ್ವರ್ ಮುಟ್ಟಿದ ಮೇಲೆ ಸೈಟ್ ನಿಂತಿದ್ದರೆ ಮೊದಲು ಇದನ್ನೇ ನೋಡಿ. ಹಳೆಯ ಡಿಎನ್‌ಎಸ್ ಸಾಲುಗಳನ್ನೂ ಒಂದೊಂದಾಗಿ ಓದಿ, ನಿಮಗೆ ಬೇಡದವನ್ನು ತೆಗೆಯಿರಿ.

## ಕಂತಿನಲ್ಲಿ ಕೊಳ್ಳುವುದಾದರೆ

ಕಂತಿನ ವ್ಯವಹಾರದಲ್ಲಿ ಹೆಸರು ಮಾರುವವರ ಕೈಯಲ್ಲಿ ಉಳಿಯಬಾರದು. ಉಳಿದರೆ ಅರ್ಧ ಕಂತು ಕಟ್ಟಿದ ಮೇಲೆ ಅವರು ಬೇರೆಯವರಿಗೆ ಮಾರಬಹುದು, ಅಥವಾ ನವೀಕರಣ ಮರೆಯಬಹುದು. ಕೊನೆಯ ಕಂತು ತೀರುವ ತನಕ ಹೆಸರನ್ನು ಎಸ್ಕ್ರೋ ಅಥವಾ ಮಾರುಕಟ್ಟೆಯೇ ಹಿಡಿದಿಟ್ಟುಕೊಳ್ಳುವ ವ್ಯವಸ್ಥೆ ಇದೆ, ಅದನ್ನೇ ಕೇಳಿ. ಆ ಅವಧಿಯಲ್ಲಿ ನವೀಕರಣ ಯಾರ ಹೊಣೆ, ಒಂದು ಕಂತು ತಪ್ಪಿದರೆ ಏನಾಗುತ್ತದೆ, ಕಟ್ಟಿದ ದುಡ್ಡು ವಾಪಸ್ ಬರುತ್ತದಾ ಅನ್ನುವುದು ಒಪ್ಪಂದದಲ್ಲಿ ಇರಲಿ. ಹೆಚ್ಚಿನ ಒಪ್ಪಂದಗಳಲ್ಲಿ ಬರುವುದಿಲ್ಲ, ಅದನ್ನು ಗೊತ್ತಿಟ್ಟುಕೊಂಡೇ ಕಂತಿನ ಮೊತ್ತ ಒಪ್ಪಿ.

## ನಡುವೆ ಸಿಕ್ಕಿಹಾಕಿಕೊಂಡರೆ

ದುಡ್ಡು ಎಸ್ಕ್ರೋದಲ್ಲಿದೆ, ಮಾರುವವರು ಮಾತಾಡುತ್ತಿಲ್ಲ ಅಂದರೆ ಗಾಬರಿ ಬೇಡ. ದುಡ್ಡು ಅವರಿಗೆ ಹೋಗಿಲ್ಲ. ಒಪ್ಪಂದದ ಗಡುವು ಮುಗಿದ ಮೇಲೆ ಎಸ್ಕ್ರೋದವರಿಗೆ ಬರೆದು ವ್ಯವಹಾರ ರದ್ದು ಮಾಡಲು ಕೇಳಿ. ಹೆಸರು ಬಂದಿದೆ, ಆದರೆ ಒಪ್ಪಂದದಂತೆ ಇಲ್ಲ ಅಂದರೆ ಪರಿಶೀಲನೆಯ ಅವಧಿ ಮುಗಿಯುವ ಮೊದಲೇ ಎಸ್ಕ್ರೋ ಖಾತೆಯಲ್ಲೇ "ತಿರಸ್ಕಾರ" ದಾಖಲಿಸಿ. ಮಾರುವವರಿಗೆ ಮಾತ್ರ ಮೇಲ್ ಮಾಡಿ ಸುಮ್ಮನಿದ್ದರೆ ಅವಧಿ ಓಡುತ್ತಲೇ ಇರುತ್ತದೆ.

ದುಡ್ಡು ನೇರವಾಗಿ ಹೋಗಿಬಿಟ್ಟಿದ್ದರೆ ಗಂಟೆಗಳ ಲೆಕ್ಕದಲ್ಲಿ ಓಡಬೇಕು. ಮೊದಲು ನಿಮ್ಮ ಬ್ಯಾಂಕ್ ಅಥವಾ ಕಾರ್ಡ್ ಕಂಪನಿಗೆ ಫೋನ್ ಮಾಡಿ, ವರ್ಗಾವಣೆ ತಡೆಯಲು ಹೇಳಿ. ಆಮೇಲೆ ಸೈಬರ್ ಅಪರಾಧ ಪೊಲೀಸರಿಗೆ ದೂರು ಕೊಡಿ. ಡೊಮೇನ್ ಇರುವ ರಿಜಿಸ್ಟ್ರಾರ್‌ನ ದುರ್ಬಳಕೆ ವಿಭಾಗಕ್ಕೂ ಬರೆಯಿರಿ, ಆ ಇಮೇಲ್ ವಿಳಾಸ ಲುಕಪ್ ಪುಟದಲ್ಲೇ ಸಿಗುತ್ತದೆ. ಮಾತುಕತೆಯ ಮೇಲ್‌ಗಳು, ಪಾವತಿಯ ರಸೀದಿ, ಅವತ್ತಿನ ಲುಕಪ್ ಪುಟದ ಪ್ರತಿ, ಮೂರನ್ನೂ ಒಂದೇ ಕಡತದಲ್ಲಿ ಸೇರಿಸಿ ಎಲ್ಲರಿಗೂ ಅದನ್ನೇ ಕಳಿಸಿ. ಈ ಹೊತ್ತಿನಲ್ಲಿ "ಇನ್ನೊಂದು ಸಣ್ಣ ಶುಲ್ಕ ಕಟ್ಟಿದರೆ ಹೆಸರು ಬಿಡುಗಡೆ ಆಗುತ್ತೆ" ಅಂತ ಮಾರುವವರಿಂದ ಮೇಲ್ ಬರುವ ಸಾಧ್ಯತೆ ಇದೆ. "ಕಳೆದ ದುಡ್ಡು ವಾಪಸ್ ತರಿಸಿಕೊಡ್ತೀವಿ, ಮುಂಗಡ ಕೊಡಿ" ಅಂತ ಗುರುತಿಲ್ಲದವರೂ ಬರಬಹುದು. ಇಬ್ಬರಿಗೂ ಒಂದು ಪೈಸೆಯನ್ನೂ ಕೊಡಬೇಡಿ, ಆ ಮೇಲ್‌ಗಳನ್ನೂ ದೂರಿನ ಕಡತಕ್ಕೇ ಸೇರಿಸಿ.